ಎರಡನೆಯ ಬಿತ್ತನೆ

ಹಂಪೆಗೆ ಹೋಗುವವರುಂಟು, ಜೋಗಕ್ಕೆ ಹೋಗುವವರುಂಟು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ನೋಡಿ ಬರುತ್ತೇನೆಂದು ಗಂಟುಮೂಟೆ ಕಟ್ಟಿದವರನ್ನು ನಾನು ಕಂಡಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಪ್ರಯಾಣಿಕರಿಗೆ ಇವು ರೈಲಿನ ಕಿಟಕಿಯಾಚೆ ಸರಿದುಹೋಗುವ ಮೂರು ಹೆಸರುಗಳು. ಹಳದಿ ಹಲಗೆಯ ಮೇಲಿನ ಕಪ್ಪು ಅಕ್ಷರಗಳು. ನಾನೂ ಹತ್ತಾರು ಬಾರಿ ಹಾಗೆಯೇ ಹಾದುಹೋದವನು. ಆದರೆ ಕಳೆದ ಫೆಬ್ರವರಿಯಲ್ಲಿ ಈ ಮೂರೂ ಊರುಗಳಲ್ಲಿ ಇಳಿಯುವ, ಇಳಿದು ಮೂರು ದಿನ ತಿರುಗುವ ಪ್ರಸಂಗ ಒದಗಿತು. ಕಾರಣ, ಒಂದು ಹಾಡು. ಸರಿಯಾಗಿ ಹೇಳಬೇಕೆಂದರೆ, ಇನ್ನೂ ಹುಟ್ಟದೆ ಇದ್ದ ಒಂದು ಹಾಡು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕುಳಿತುಕೊಳ್ಳುತ್ತಿದ್ದ. ಬ್ಯಾಡಗಿಯ ಕಡೆಯ ರೈತರ ಮಗ. ವ್ಯಾಕರಣವೆಂದರೆ ಅವನಿಗೆ ನಿದ್ರೆ; ಛಂದಸ್ಸೆಂದರೆ ಎಚ್ಚರ. ರಗಳೆಯ ಮಾತ್ರಾಗಣಗಳನ್ನು ನಾನು ಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ ಅವನು ಅದನ್ನು ಬೆಂಚಿನ ಮೇಲೆ ಬೆರಳಿನಿಂದ ಬಡಿದು ಮುಗಿಸಿರುತ್ತಿದ್ದ. ಪದವಿ ಪಡೆದು ಊರಿಗೆ ಮರಳಿದವನು ತಂದೆಯೊಡನೆ ಮೆಣಸಿನಕಾಯಿ ಬೆಳೆಯತೊಡಗಿದ. ಸಂಜೆ ಊರಿನ ಭಜನಾ ಮೇಳದಲ್ಲಿ ಹಾಡತೊಡಗಿದ. ಒಮ್ಮೆ ಮೇಳದವರೆಲ್ಲ ಹಣ ಕೂಡಿಸಿ ರಾಣೇಬೆನ್ನೂರಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ಊರ ಜಾತ್ರೆಗಾಗಿ ಎರಡು ಭಕ್ತಿಗೀತೆಗಳನ್ನು ಧ್ವನಿಮುದ್ರಿಸಿದರು. ಬಾಡಿಗೆಯ ಸಮಯದಲ್ಲಿ ಇನ್ನೂ ಅರ್ಧ ಗಂಟೆ ಉಳಿದಿತ್ತು. ಕೊಟ್ಟ ಹಣ ವ್ಯರ್ಥವಾಗಬಾರದೆಂದು ನಮ್ಮ ಹುಡುಗ ತಾನೇ ಕಟ್ಟಿದ ಒಂದು ತಮಾಷೆಯ ಹಾಡನ್ನು—ಸಂತೆಯಲ್ಲಿ ದಾರಿ ತಪ್ಪಿದ ಭಾವನೊಬ್ಬನನ್ನು ಕುರಿತದ್ದು—ಕುಣಿತದ ತಾಳಕ್ಕೆ ಹೊಂದಿಸಿ ಹಾಡಿಬಿಟ್ಟ.

ಮುಂದಿನದನ್ನು ಉತ್ತರ ಕರ್ನಾಟಕದ ಓದುಗರು ಊಹಿಸಬಲ್ಲರು. ಭಕ್ತಿಗೀತೆಗಳು ಜಾತ್ರೆಯೊಂದಿಗೆ ಮುಗಿದವು. ತಮಾಷೆಯ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮದುವೆಯ ಮೆರವಣಿಗೆಗಳನ್ನು ಸೇರಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಧ್ವನಿವರ್ಧಕಗಳನ್ನು ಏರಿ ಹೆದ್ದಾರಿಯುದ್ದಕ್ಕೂ ಕೂಗಿತು. ಒಂದು ರಾತ್ರಿ ಅವನ ಫೋನು ಬಂತು.

“ಸರ, ಎರಡನೇದು ಬೇಕಂತ ಗಂಟುಬಿದ್ದಾರ್ರಿ. ಆರು ಹಾಡು. ಆರೂ ಮೊದಲನೇದರಂಗs ಇರಬೇಕಂತ. ಮುಂಗಡ ಕೊಡ್ತೀನಿ ಅಂತಾರ. ನನಗೇನೂ ತಿಳೀವಲ್ದು. ನೀವೊಮ್ಮೆ ಬರ್ರಿ.”

ಕನ್ನಡ ಎಂ.ಎ. ಮಾಡಿದವನಿಗೆ ಕುಣಿತದ ಹಾಡಿನ ವಿಷಯದಲ್ಲಿ ಯಾವ ಅಧಿಕಾರ? ಹಾಗೆಂದು ಹೇಳಲು ಬಾಯಿ ತೆರೆದವನು, ‘ಬರುತ್ತೇನೆ’ ಎಂದುಬಿಟ್ಟೆ.

*

ಹುಬ್ಬಳ್ಳಿ ಬಿಟ್ಟ ಗಾಡಿ ಮೊದಲು ನಿಂತದ್ದು ಕುಂದಗೋಳದಲ್ಲಿ. ಎರಡು ನಿಮಿಷದ ನಿಲುಗಡೆ. ಈ ಪುಟ್ಟ ನಿಲ್ದಾಣದಲ್ಲಿ 1930ರ ದಶಕದ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯ ಗಾಡಿಯಿಂದ ಒಬ್ಬ ತರುಣಿ ಇಳಿಯುತ್ತಿದ್ದರು. ಸವಾಯಿ ಗಂಧರ್ವರ ಮನೆಗೆ ಹೋಗಿ, ಪಾಠ ಹೇಳಿಸಿಕೊಂಡು, ಮತ್ತೆ ಗಾಡಿ ಹಿಡಿದು ಮನೆಗೆ ಮರಳುತ್ತಿದ್ದರು. ಅವರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರೂ ಹೆಸರಿನೊಡನೆ ಹೊತ್ತದ್ದು ಮನೆತನದ ಮೂಲ ಊರಾದ ಹಾನಗಲ್ಲನ್ನು. ಅದು ಇಂದು ಹಾವೇರಿ ಜಿಲ್ಲೆಯ ತಾಲ್ಲೂಕು.

ನನ್ನ ಶಿಷ್ಯನ ಪ್ರಶ್ನೆಯನ್ನು ಹೊತ್ತು ಹೊರಟ ನನಗೆ ಆ ನಿಲ್ದಾಣದಲ್ಲಿ ಅವರ ನೆನಪಾದದ್ದು ಸಹಜವೇ. ಏಕೆಂದರೆ ಗಂಗೂಬಾಯಿಯವರ ಬಾಳಿನಲ್ಲಿಯೂ ಮೊದಲು ಬಂದದ್ದು ರೆಕಾರ್ಡು. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಅವರ ಹಾಡುಗಳನ್ನು ‘ಗಾಂಧಾರಿ’ ಎಂಬ ಹೊಸ ಹೆಸರಿನಲ್ಲಿ ತಟ್ಟೆಗಿಳಿಸಿ ಮಾರಿತು. ಅಂದಿನ ಅವರ ಕಂಠ ಎಳೆಯದು, ಎತ್ತರದ್ದು. ಜಿ.ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಭಾವಗೀತೆಯನ್ನು ಜನ ಮೆಚ್ಚಿ ಕೇಳಿದರು. ಅದೇ ಬಗೆಯ ಹಾಡುಗಳನ್ನು ಇನ್ನೂ ಇಪ್ಪತ್ತು ವರ್ಷ ಹಾಡಿಕೊಂಡು ಸುಖವಾಗಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಗಂಟಲ ಬೇನೆಯ ನಂತರ ಧ್ವನಿ ತಗ್ಗಿ ಗಡುಸಾಯಿತು. ಆ ಧ್ವನಿಯನ್ನೇ ಸಾಧನೆಯಿಂದ ಪಳಗಿಸಿ ಖಯಾಲಿನ ಗಾಯಕಿಯಾದರು. 1940ರ ದಶಕದ ನಡುವಿನಿಂದ ಭಜನೆ, ಠುಮರಿಗಳನ್ನೂ ಬಿಟ್ಟು ರಾಗವನ್ನೇ ಹಾಡಿದರು. ಅದೇ ಕಂಠಕ್ಕೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು.

ಇದು ಒಂದು ಉತ್ತರ: ಜನ ಕೇಳಿದ್ದನ್ನು ಕೊಡದಿರುವುದು. ಆದರೆ ಇದು ಎಲ್ಲರಿಗೂ ಒಗ್ಗುವ ಉತ್ತರವೆ? ಗುರುವಿನ ಮನೆ ಬೇಕು, ಕಾಯುವ ತಾಳ್ಮೆ ಬೇಕು, ಕಾಯುವಷ್ಟು ದಿನ ಹೊಟ್ಟೆ ಹೊರೆಯಲು ದಾರಿ ಬೇಕು. ಗಾಡಿ ಸಂಶಿ, ಗುಡಗೇರಿ, ಯಲವಿಗಿಗಳನ್ನು ಹಿಂದೆ ಹಾಕಿತು. ಕರಿಮಣ್ಣಿನ ಹೊಲಗಳಲ್ಲಿ ಜೋಳ ತೆನೆಗಟ್ಟಿ ನಿಂತಿತ್ತು. ಪ್ರಶ್ನೆ ಮಾತ್ರ ನಿಂತಲ್ಲಿಯೇ ನಿಂತಿತ್ತು.

*

ಹಾವೇರಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ನಿಲ್ದಾಣಕ್ಕೆ ಬಂದು, “ಏನಪಾ ಪ್ರೊಫೆಸರ, ಮಾವನ ಮನೀ ದಾರಿ ನೆನಪಾತೇನು?” ಎಂದು ಚೀಲ ಕಸಿದುಕೊಂಡರು. ಊಟಕ್ಕೆ ಇನ್ನೂ ಹೊತ್ತಿದೆಯೆಂದು ನೇರವಾಗಿ ಸಿದ್ಧೇಶ್ವರ ದೇವಾಲಯಕ್ಕೆ ಕರೆದೊಯ್ದರು. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ನಮ್ಮ ಇತರ ಗುಡಿಗಳಂತೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆಯ ಬಿಸಿಲು ಒಳಗಿನ ಕಂಬಗಳ ತನಕ ನುಗ್ಗಿ ಬರುವ ಗುಡಿ ಇದು.

ಹಾವೇರಿಯ ಇನ್ನೊಂದು ವಿಶೇಷ ಏಲಕ್ಕಿಯ ಹಾರ. ಊರಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಆದರೂ ಇದು ‘ಏಲಕ್ಕಿ ಕಂಪಿನ ನಾಡು’. ಕಾಯಿಗಳನ್ನು ಆರಿಸಿ, ರೇಷ್ಮೆಯೊಡನೆ ಪೋಣಿಸಿ ಹಾರ ಮಾಡುವ ಕೈಗಳು ಇಲ್ಲಿವೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಿನಲ್ಲಿ ನಡೆಯಿತು. ಅಧ್ಯಕ್ಷರು ದೊಡ್ಡರಂಗೇಗೌಡರು, ಕವಿಗಳು, ಚಲನಚಿತ್ರ ಗೀತೆಗಳನ್ನು ಬರೆದು ಮನೆಮಾತಾದವರು. ಹಾಡು ಬರೆದವರನ್ನು ಕನ್ನಡವು ಹೊರಗಿಟ್ಟಿಲ್ಲವೆಂಬುದು ನನಗೆ ಸಮಾಧಾನದ ಮಾತಾಗಿ ಕಂಡಿತು.

ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿಗಳ ಊಟವಾದ ಮೇಲೆ ನಾನು ಬಂದ ಕಾರಣವನ್ನು ಹೇಳಿದೆ. ಮಾವ ನಗಲಿಲ್ಲ. ಎದ್ದುಹೋಗಿ ಅಟ್ಟದ ಮೇಲಿಂದ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿದರು. ಒಳಗೆ, ಹಳೆಯ ಧೋತರದಲ್ಲಿ ಸುತ್ತಿದ ಎರಡು ದೊಡ್ಡ ರೆಕಾರ್ಡುಗಳು. ಒಂದು ‘ಡಿಸ್ಕೊ ದೀವಾನೆ’, 1981ರದು. ಇನ್ನೊಂದು ‘ಬೂಮ್ ಬೂಮ್’, 1982ರದು. ಎರಡನ್ನೂ ಹಾಡಿದವರು ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ನಾಜಿಯಾ ಹಸನ್ ಮತ್ತು ಆಕೆಯ ತಮ್ಮ ಜೊಹೇಬ್. ಎರಡಕ್ಕೂ ರೂಪ ಕೊಟ್ಟವರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕೊಡಗಿನ ಮನೆತನದ ಬಿದ್ದು ಅಪ್ಪಯ್ಯ.

ಎಳೆಯ ಓದುಗರಿಗಾಗಿ ಎರಡು ಮಾತು. ಅಮೆರಿಕದ ಕರಿಯ ಜನ ಇಗರ್ಜಿಯಲ್ಲಿ ದೇವರಿಗೆ ಹಾಡುತ್ತಿದ್ದ ಎದೆತುಂಬಿದ ಧಾಟಿಯು 1950–60ರ ದಶಕಗಳಲ್ಲಿ ಲೋಕದ ಪ್ರೇಮ-ವಿರಹಗಳಿಗೆ ಇಳಿದು ಬಂದಾಗ ಅದಕ್ಕೆ ‘ಸೋಲ್’ ಸಂಗೀತವೆಂದು ಹೆಸರಾಯಿತು. ಕನ್ನಡದ ಕಿವಿಗೆ ಅಪಶಕುನದಂತೆ ಕೇಳುತ್ತದೆ; ಅರ್ಥ ಮಾತ್ರ ‘ಆತ್ಮ’. ಅದೇ ಕಂಠಗಳ ಕೆಳಗೆ, 1970ರ ದಶಕದಲ್ಲಿ, ಒಂದೇ ತೂಕದ ನಾಲ್ಕು ನಗಾರಿ ಪೆಟ್ಟುಗಳನ್ನು ನಿಲ್ಲದಂತೆ ಹಾಕಿ ಜನರನ್ನು ಕುಣಿಯಲು ಎಬ್ಬಿಸಿದಾಗ ಅದು ‘ಡಿಸ್ಕೊ’ ಆಯಿತು. ನಮ್ಮ ಹುಡುಗನೂ ಇದನ್ನೇ ಮಾಡಿದ್ದ: ಕಂಠ ಭಜನೆಯದು, ತಾಳ ಕುಣಿತದ್ದು.

ಬಿದ್ದು 1945ರಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಸೋಲ್ ಗಾಯಕ ಕಾರ್ಲ್ ಡಗ್ಲಸ್‌ರಿಂದ ಒಂದು ಹಾಡನ್ನು ಮುದ್ರಿಸುತ್ತಿದ್ದರು. ಆ ಮುಖ್ಯ ಹಾಡಿಗೇ ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ರೆಕಾರ್ಡಿಗೆ ಹಿಂಬದಿಯೂ ಬೇಕಲ್ಲವೆ? ಉಳಿದ ಹತ್ತು ನಿಮಿಷಗಳಲ್ಲಿ, ಡಗ್ಲಸ್ ತಾವೇ ಬರೆದಿದ್ದ ತಮಾಷೆಯ ಹಾಡೊಂದನ್ನು ಹಾಡಿ ಮುಗಿಸಿದರು. ಅದೇ ‘ಕುಂಗ್ ಫೂ ಫೈಟಿಂಗ್’. ಹಿಂಬದಿಗೆಂದು ಮಾಡಿದ ಹಾಡು ಮುಂಬದಿಗೆ ಬಂತು. ಅದೇ ವರ್ಷ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು. ಬೆನ್ನಹಿಂದೆಯೇ ಇನ್ನೊಂದು ಬಂತು: ‘ಡಾನ್ಸ್ ದ ಕುಂಗ್ ಫೂ’. ಅದೇ ಗಾಯಕ, ಅದೇ ನಿರ್ದೇಶಕ, ಅದೇ ಕುಂಗ್ ಫೂ. ಬ್ರಿಟನ್ನಿನಲ್ಲಿ 35ನೆಯ ಸ್ಥಾನ, ಅಮೆರಿಕದಲ್ಲಿ 48ನೆಯದು.

ಇದೊಂದೇ ಅಲ್ಲ. ಸೋಲ್ ಮತ್ತು ಡಿಸ್ಕೊಗಳ ಹೆಸರಾಂತ ಗಾಯಕಿ ಗ್ಲೋರಿಯಾ ಗೇನರ್ 1978ರಲ್ಲಿ ಹಾಡಿದ ‘ಐ ವಿಲ್ ಸರ್ವೈವ್’ ಕೂಡ ರೆಕಾರ್ಡಿನ ಹಿಂಬದಿಯ ಹಾಡೇ. ಕುಣಿತದ ಮನೆಗಳಲ್ಲಿ ತಟ್ಟೆ ತಿರುಗಿಸುವವರು ಅದನ್ನು ಮಗುಚಿ ಹಾಕಿದರು. 1979ರಲ್ಲಿ ಅದು ಲೋಕಪ್ರಸಿದ್ಧವಾಯಿತು. ಅದೇ ವರ್ಷ ಆಕೆಯ ಮುಂದಿನ ಆಲ್ಬಮ್ ‘ಐ ಹ್ಯಾವ್ ಎ ರೈಟ್’ ಹೊರಬಂತು. ಹೆಸರಿನಲ್ಲಿಯೂ ಹಿಂದಿನದರ ದಿಟ್ಟತನವನ್ನೇ ಹೊತ್ತು ಬಂದರೂ ಅದರ ಎತ್ತರವನ್ನು ಮುಟ್ಟಲಿಲ್ಲ. ತಪ್ಪು ಕಂಠದ್ದೆನ್ನಲಾಗದು. ಆ ವೇಳೆಗೆ ಗಾಳಿಯೇ ತಿರುಗುತ್ತಿತ್ತು. 1979ರ ಜುಲೈ 12ರಂದು ಷಿಕಾಗೋ ನಗರದ ಕ್ರೀಡಾಂಗಣವೊಂದರಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಸುಟ್ಟರು. 1980ರಲ್ಲಿ ಡಿಸ್ಕೊಗೆಂದೇ ಗ್ರ್ಯಾಮಿ ಬಹುಮಾನವೊಂದನ್ನು ಹುಟ್ಟುಹಾಕಿ ‘ಐ ವಿಲ್ ಸರ್ವೈವ್’ಗೆ ಕೊಟ್ಟರು, ಮರುವರ್ಷ ಆ ಬಹುಮಾನವೇ ಇಲ್ಲವಾಯಿತು. ಮೊದಲ ಬಿತ್ತನೆಯ ಹದಮಳೆ ಎರಡನೆಯದಕ್ಕೆ ಸಿಕ್ಕಲಿಲ್ಲ.

ಮಾವ ರೆಕಾರ್ಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ‘ಡಿಸ್ಕೊ ದೀವಾನೆ’ಯ ಮೈಯೆಲ್ಲ ಮುಳ್ಳು ತಾಗಿ ಬೂದಿಬಣ್ಣಕ್ಕೆ ತಿರುಗಿತ್ತು. ‘ಬೂಮ್ ಬೂಮ್’ನಲ್ಲಿ ಒಂದೇ ಒಂದು ಪಟ್ಟಿ ಸವೆದಿತ್ತು, ಉಳಿದದ್ದು ಕನ್ನಡಿಯಂತೆ ಹೊಳೆಯುತ್ತಿತ್ತು.

“1980ರಾಗ ‘ಕುರ್ಬಾನಿ’ ಸಿನೆಮಾದಾಗ ಆ ಹುಡುಗಿ ‘ಆಪ್ ಜೈಸಾ ಕೋಯಿ’ ಹಾಡಿದ್ದಳು. ಹದಿನೈದು ವರ್ಷದಾಕಿ. ನಾನೂ ಆಗ ಹುಡುಗs. ಸಿನೆಮಾ ಮೂರು ಸಲ ನೋಡಿದೆ. ಮರುವರ್ಷ ಈ ರೆಕಾರ್ಡು ಬಂತು. ಹೋಟೆಲಿನಾಗ ಕೇಳಿ, ಗೆಳೆಯರ ಮನ್ಯಾಗ ಕೇಳಿ, ಆಮ್ಯಾಲೆ ರೊಕ್ಕಾ ಕೂಡಿಸಿ ಕೊಂಡೆ. ಎರಡನೇದು ಹಂಗಲ್ಲ. ಬಂತು ಅಂದ ಕೂಡಲೆ ಓಡಿಹೋಗಿ ಕೊಂಡೆ.” ಸ್ವಲ್ಪ ತಡೆದು ಹೇಳಿದರು: “ಮೊದಲನೇದು ಕೇಳಿ ಕೊಂಡದ್ದು, ತಮ್ಮಾ. ಎರಡನೇದು ಕೊಂಡು ಕೇಳಿದ್ದು.”

‘ಬೂಮ್ ಬೂಮ್’ ಕೆಟ್ಟ ರೆಕಾರ್ಡೆಂದು ಯಾರೂ ತಿಳಿಯಬಾರದು. ಅದರ ಹಾಡುಗಳನ್ನು ‘ಸ್ಟಾರ್’ ಎಂಬ ಚಲನಚಿತ್ರಕ್ಕೆ ಬಳಸಿಕೊಂಡರು. ಚಿತ್ರ ಬಿದ್ದುಹೋಯಿತು, ಹೆಸರಿನ ಹಾಡು ಮಾತ್ರ ನಿಂತಿತು. ನಾಜಿಯಾ ಅನಂತರವೂ ಕೆಲವು ರೆಕಾರ್ಡುಗಳಿಗೆ ಹಾಡಿ, ಓದನ್ನೂ ಮುಂದುವರಿಸಿ, 2000ದ ಆಗಸ್ಟಿನಲ್ಲಿ ಕೇವಲ 35ರ ವಯಸ್ಸಿನಲ್ಲಿ ತೀರಿಕೊಂಡರು. ಮಾವನವರಿಗೆ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಇಂದಿಗೂ ನೆನಪಿದೆ. ರೆಕಾರ್ಡು ನುಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷಗಳಾದವು. ಆದರೂ ಎರಡನ್ನೂ ಒಂದೇ ಧೋತರದಲ್ಲಿ ಸುತ್ತಿ ಇಟ್ಟಿದ್ದಾರೆ.

*

ಮರುದಿನ ಗುರುವಾರ. ಸೋಮವಾರ, ಗುರುವಾರಗಳು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ದಿನಗಳು. ಹಾವೇರಿಯಿಂದ ಬಸ್ಸು ಮೋಟೆಬೆನ್ನೂರನ್ನು ದಾಟುತ್ತಲೇ—ಸ್ವಾತಂತ್ರ್ಯ ಹೋರಾಟದಲ್ಲಿ 1943ರಲ್ಲಿ ಪ್ರಾಣ ಕೊಟ್ಟ ಮೈಲಾರ ಮಹಾದೇವಪ್ಪನವರ ಊರದು—ಗಾಳಿಯಲ್ಲಿ ಘಾಟು ತಿಳಿಯತೊಡಗಿತು. ಇಳಿಯುವ ಹೊತ್ತಿಗೆ ಬಸ್ಸಿನವರೆಲ್ಲ ಸೀನುತ್ತಿದ್ದೆವು. ಪರವೂರಿನವರನ್ನು ಬ್ಯಾಡಗಿ ಸ್ವಾಗತಿಸುವ ರೀತಿಯೇ ಇದು.

ಮಾರುಕಟ್ಟೆಯ ಪ್ರಾಂಗಣವನ್ನು ವರ್ಣಿಸಲು ‘ಕೆಂಪು’ ಎಂಬ ಒಂದೇ ಮಾತು ಸಾಲದು. ಚೀಲಗಳ ಸಾಲಿನ ಹಿಂದೆ ಚೀಲಗಳ ಸಾಲು. ಬಾಯಿ ತೆರೆದ ಪ್ರತಿಯೊಂದರಲ್ಲಿಯೂ ಬೇರೆ ಬೇರೆ ಕೆಂಪು. ದುಂಡಗೆ ಕುಳ್ಳಗಿರುವುದು ಡಬ್ಬಿ. ನೀಳವಾಗಿ ಸುಕ್ಕುಗಟ್ಟಿರುವುದು ಕಡ್ಡಿ. ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಇದರಿಂದ ತೆಗೆದ ಕೆಂಪು ಸತ್ವವು ಅಡುಗೆಯ ಪದಾರ್ಥಗಳಿಗೆ ಮಾತ್ರವಲ್ಲ, ತುಟಿಬಣ್ಣ, ಉಗುರುಬಣ್ಣಗಳಿಗೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರಕಿತು.

ನನ್ನ ಶಿಷ್ಯ ಚೀಲವೊಂದರ ಮೇಲೆ ಕುಳಿತು ಕಾಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಲ್ಲುವುದಕ್ಕೂ, ಪ್ರಾಂಗಣಕ್ಕೆ ಬಂದ ಟ್ರ್ಯಾಕ್ಟರೊಂದು ಅವನದೇ ಹಾಡನ್ನು ಕಿರುಚುವುದಕ್ಕೂ ಸರಿಹೋಯಿತು. ಹಮಾಲರಲ್ಲಿ ಒಬ್ಬ ಹೆಜ್ಜೆ ಹಾಕಿದ. ಹುಡುಗನ ಮುಖದಲ್ಲಿ ಹೆಮ್ಮೆಯನ್ನು ಹುಡುಕಿದೆ. ಕಂಡದ್ದು ನಾಚಿಕೆಯೂ ಅಲ್ಲ, ಬೇಸರವೂ ಅಲ್ಲ. ತನ್ನ ಮಗುವನ್ನು ಬೇರೆ ಯಾರೋ ಎತ್ತಿಕೊಂಡು ಹೋಗುವುದನ್ನು ನೋಡುವವನ ಮುಖದಂತಿತ್ತು ಅದು.

ಅವನ ತಂದೆ ಮಾತು ಕಡಿಮೆಯ ಮನುಷ್ಯ. 2024ರ ಮಾರ್ಚಿನಲ್ಲಿ ಬೆಲೆ ಕುಸಿದು, ಇದೇ ಪ್ರಾಂಗಣದಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಎದ್ದ ದಿನ ಅವರೂ ಚೀಲ ಹೇರಿಕೊಂಡು ಬಂದವರೇ, ಮಾರದೆ ಹಿಂದಿರುಗಿದರಂತೆ. ಅನಂತರ ಎರಡು ಕೊಳವೆಬಾವಿಗಳು ಬತ್ತಿದವು. ಸಾಲ ಬೆಳೆಯಿತು. “ಮಾಸ್ತರ್ರ, ಅವಂಗ ಮನಸ್ಸಿಲ್ಲ ಅಂತ ನನಗ ಗೊತ್ತೈತ್ರಿ,” ಎಂದರು. “ಆದ್ರ ಆ ಮುಂಗಡ ಬಂದ್ರ ಒಂದು ಬಾವೀ ಆಗತೈತಿ.” ಅಷ್ಟೇ. ಕುಂದಗೋಳದ ನಿಲ್ದಾಣದಲ್ಲಿ ನಾನು ಮನಸ್ಸಿನಲ್ಲಿಯೇ ಸಿದ್ಧಪಡಿಸಿಕೊಂಡಿದ್ದ ಉಪದೇಶವೆಲ್ಲ ಆ ಒಂದು ಮಾತಿಗೆ ಕರಗಿಹೋಯಿತು.

ಸಂಜೆ ಅವರ ಊರಿಗೆ ಹೋದೆವು. ಕನಕದಾಸರ ಕಾಗಿನೆಲೆ ಇರುವುದೂ ಇದೇ ತಾಲ್ಲೂಕಿನಲ್ಲಿ. ರೆಕಾರ್ಡಿಲ್ಲ, ಧ್ವನಿವರ್ಧಕವಿಲ್ಲ, ನಾಲ್ಕು ನೂರು ವರ್ಷಗಳಿಂದ ದಾಸರ ಪದಗಳು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ದಾಟಿಕೊಂಡೇ ಬಂದಿವೆಯಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಮನೆಯ ಪಡಸಾಲೆಯಲ್ಲಿ ಹುಡುಗನ ಅಜ್ಜಿ ಒಂದು ಮೊರದ ಮುಂದೆ ಕುಳಿತಿದ್ದರು. ಒಂದೊಂದೇ ಮೆಣಸಿನಕಾಯಿಯನ್ನು ಎತ್ತಿ, ತಿರುಗಿಸಿ ನೋಡಿ, ಕೆಲವನ್ನು ಮಾತ್ರ ಪಕ್ಕಕ್ಕೆ ಇಡುತ್ತಿದ್ದರು. ಬೀಜಕ್ಕೆ ಆರಿಸುವುದಂತೆ. ಊರೆಲ್ಲ ಹೈಬ್ರಿಡ್ ಬಿತ್ತಿದರೂ ಈ ಮನೆಯಲ್ಲಿ ಹಿತ್ತಲಿಗೆ ಹತ್ತಿದ ತುಂಡು ಹೊಲದಲ್ಲಿ ಹಳೆಯ ಕಡ್ಡಿಯೇ ಬೆಳೆಯುತ್ತದೆ. ಕೈ ಆರಿಸುತ್ತಿತ್ತು, ಬಾಯಿ ಮೆಲ್ಲಗೆ ಬೀಸುವ ಪದವೊಂದನ್ನು ಗುನುಗುತ್ತಿತ್ತು. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಪದ ಮಾತ್ರ ಮೂಲೆ ಸೇರಿರಲಿಲ್ಲ. ಕಾಯಿಯನ್ನು ತಿರುಗಿಸುವ ಬೆರಳಿಗೂ ಪದದ ಓಟಕ್ಕೂ ಹೊಂದಿಕೆಯಿತ್ತು. ಬೆಂಚಿನ ಮೇಲೆ ರಗಳೆ ಬಡಿದ ಬೆರಳುಗಳು ಎಲ್ಲಿಂದ ಬಂದವೆಂದು ನನಗೆ ಅಂದು ತಿಳಿಯಿತು.

*

ಶುಕ್ರವಾರ ಹುಡುಗನೊಡನೆ ರಾಣೇಬೆನ್ನೂರಿಗೆ ಹೊರಟೆ. ಊರಿನ ಹೊರಗಿನ ಕೃಷ್ಣಮೃಗಗಳ ಅಭಯಾರಣ್ಯವನ್ನು ನೋಡುವ ಆಸೆಯಿತ್ತು, ಸಮಯವಿರಲಿಲ್ಲ. ಅವನಿಗೆ ಬೀಜ ಕೊಳ್ಳುವ ಕೆಲಸವೂ ಇತ್ತು. ರಾ‌ಣೇಬೆನ್ನೂರು ಬೀಜದ ಪೇಟೆ. ಇದರ ಸುತ್ತಣ ಹಳ್ಳಿಗಳಲ್ಲಿ ಬಲೆಯ ಮನೆಗಳನ್ನು ಕಟ್ಟಿ ಟೊಮ್ಯಾಟೊ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜ ತಯಾರಿಸುತ್ತಾರೆ. ಹೆಣ್ಣುಮಕ್ಕಳು ಸಣ್ಣ ಚಿಮಟದಿಂದ ಎಳೆಯ ಹೂವನ್ನು ಬಿಡಿಸಿ, ಅದರ ಗಂಡು ಭಾಗವನ್ನು ತೆಗೆದು, ಬೇರೊಂದು ತಳಿಯ ಪರಾಗವನ್ನು ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಇದೇ ಕೆಲಸ. ಕಣ್ಣು ಕೀಳಿಸುವ ಕೆಲಸ.

ಬೀಜದಂಗಡಿಯ ಯಜಮಾನರನ್ನು ನಾನು ಕೇಳಿದೆ: “ಈ ವರ್ಷದ ಹೈಬ್ರಿಡ್ ಬೆಳೆಯ ಬೀಜವನ್ನೇ ಇಟ್ಟು ಮುಂದಿನ ವರ್ಷ ಬಿತ್ತಿದರೆ?”

ಅವರು ಎಳೆಯ ಹುಡುಗನಿಗೆ ಹೇಳುವಂತೆ ಹೇಳಿದರು: “ಬಿತ್ತಬಹುದು ಸರ, ಹುಟ್ಟೂ ಹುಟ್ಟತಾವ. ಆದ್ರ ಒಂದು ಉದ್ದ, ಒಂದು ಗಿಡ್ಡ. ಒಂದಕ್ಕ ಬಣ್ಣ ಇರತೈತಿ, ಒಂದಕ್ಕ ಇರಂಗಿಲ್ಲ. ಮೊದಲನೇ ವರ್ಷದ ಬೆಳಿ ಮತ್ತ ಬರಂಗಿಲ್ರಿ. ಎರಡು ತಳಿ ಕೂಡಿದ ಗಳಿಗ್ಯಾಗ ಬಂದದ್ದು ಅದು. ಮತ್ತ ಬೇಕಂದ್ರ ಮತ್ತ ಮೊದಲಿನಿಂದ ಕೂಡಿಸಬೇಕು.”

“ನಾಟಿ ತಳಿಯಾದರೆ?”

“ಅದು ಬರತೈತ್ರಿ. ಆದ್ರ ಅದನ್ನೂ ಕಾಯಬೇಕು. ಬಾಜೂ ಹೊಲದ ಪರಾಗ ಬಿತ್ತಂದ್ರ ಅದೂ ಕೆಡತೈತಿ. ವರ್ಷಾ ಕುಂತು ಆರಿಸಬೇಕು.”

ಹುಡುಗ ನನ್ನ ಮುಖವನ್ನು ನೋಡಿದ. ನಾನು ಏನೂ ಹೇಳಲಿಲ್ಲ. ಉಪಮೆಯನ್ನು ವಿವರಿಸುವುದು ಉಪನ್ಯಾಸಕರ ಚಟ. ಅಂದು ಹೇಗೋ ಅದನ್ನು ತಡೆದುಕೊಂಡೆ.

ಸ್ಟುಡಿಯೋ ಇದ್ದದ್ದು ಒಂದು ಅಂಗಡಿಯ ಮಹಡಿಯ ಮೇಲೆ. ಗೋಡೆಗೆ ದಪ್ಪ ಹೊದಿಕೆ ಬಡಿದ ಹತ್ತಡಿಯ ಕೋಣೆ. ಯಜಮಾನರನ್ನು ದುಷ್ಟರೆಂದು ಚಿತ್ರಿಸಿದರೆ ಬರಹಕ್ಕೆ ಬಣ್ಣ ಬಂದೀತು. ಆದರೆ ಅದು ಸುಳ್ಳಾದೀತು. ಚಹಾ ತರಿಸಿದರು. ತಮಗೂ ಸಾಲವಿದೆಯೆಂದರು. ಜನ ಏನು ಕೇಳುತ್ತಾರೋ ಅದನ್ನು ಕೊಡದಿದ್ದರೆ ಬಾಗಿಲು ಮುಚ್ಚಬೇಕಾಗುತ್ತದೆಂದರು. ಇದರಲ್ಲಿ ತಪ್ಪೇನಿದೆ?

ಹುಡುಗ ಬಹಳ ಹೊತ್ತು ನೆಲವನ್ನು ನೋಡುತ್ತ ಕುಳಿತಿದ್ದ. ಆಮೇಲೆ ಹೇಳಿದ: “ಆರು ಹಾಡು ಅಂದಿದ್ರಿ. ಐದು ನೀವು ಹೇಳಿದಂಗ ಮಾಡಿಕೊಡ್ತೀನ್ರಿ. ಸುಳ್ಳ ಮಾಡಂಗಿಲ್ಲ, ಮನಸ್ಸಿಟ್ಟು ಮಾಡ್ತೀನಿ. ಕಡೇ ಅರ್ಧಾ ತಾಸು ಮಾತ್ರ ನನಗ ಬಿಡ್ರಿ. ಏನು ಹಾಡ್ತೀನಿ ಅಂತ ಕೇಳಬ್ಯಾಡ್ರಿ. ಮೊದಲನೇ ಸಲಾನೂ ಹಂಗs ಅಲ್ರೀ ಆಗಿದ್ದು?”

ಯಜಮಾನರು ನಕ್ಕು ಒಪ್ಪಿದರು. ಮುಂಗಡದ ಹಣವನ್ನು ಎಣಿಸಿ ಕೊಟ್ಟರು.

ನನಗೆ ಹಾವೇರಿಯಲ್ಲಿ ಕೇಳಿಯೂ ತಿಳಿಯದಿದ್ದುದು ಆಗ ತಿಳಿಯಿತು. ಲಂಡನ್ನಿನ ಹತ್ತು ನಿಮಿಷ, ರೆಕಾರ್ಡಿನ ಹಿಂಬದಿ, ರಾಣೇಬೆನ್ನೂರಿನ ಅರ್ಧ ಗಂಟೆ—ಇವೆಲ್ಲ ಯಾರೂ ನೋಡದೆ ಇದ್ದ ಹೊತ್ತುಗಳು. ಮೊದಲ ಹಾಡು ಹುಟ್ಟುವುದು ಅಂಥ ಹೊತ್ತಿನಲ್ಲಿ. ಎರಡನೆಯದನ್ನು ಮಾಡುವಾಗ ಎಲ್ಲರೂ ಸುತ್ತ ನಿಂತು ನೋಡುತ್ತಿರುತ್ತಾರೆ. ಎಲ್ಲರನ್ನೂ ಹೊರಗಟ್ಟಲು ಬಡವನಿಗೆ ಸಾಧ್ಯವಿಲ್ಲ. ಅರ್ಧ ಗಂಟೆಯನ್ನಾದರೂ ಕೇಳಿ ಪಡೆಯಬಹುದು. ಈ ಉತ್ತರವನ್ನು ನಾನು ಅವನಿಗೆ ಕಲಿಸಲಿಲ್ಲ. ಅವನು ನನಗೆ ಕಲಿಸಿದ.

*

ಮುಂದೆ ಏನಾಯಿತೆಂದು ಓದುಗರು ಕೇಳಬಹುದು. ಯುಗಾದಿಯ ಹೊತ್ತಿಗೆ ಆರು ಹಾಡುಗಳೂ ಹೊರಬಂದವು. ಕುಣಿತದ ಐದರಲ್ಲಿ ಒಂದು ಟ್ರ್ಯಾಕ್ಟರುಗಳನ್ನು ಏರಿತು. ಮೊದಲನೆಯದರಷ್ಟು ದೂರ ಹೋಗಲಿಲ್ಲ. ಉಳಿದವನ್ನು ಜನ ಒಮ್ಮೆ ಕೇಳಿ ಮರೆತರು. ಆರನೆಯದು ಅಜ್ಜಿಯ ಬೀಸುವ ಪದ. ತಾಳವಿಲ್ಲ, ವಾದ್ಯವಿಲ್ಲ; ಮೇಜಿನ ಮೇಲೆ ಬೆರಳಿನ ಪೆಟ್ಟು ಮಾತ್ರ. ಅದನ್ನು ಕೇಳಿದವರು ಬಹಳ ಮಂದಿಯಿಲ್ಲ. ಆದರೆ ಒಂದು ಮಾತನ್ನು ಹುಡುಗ ಫೋನಿನಲ್ಲಿ ಹೇಳಿದ: ಮೊದಲ ಹಾಡಿಗೆ ‘ಇನ್ನೊಂದು ಮಾಡು’ ಎಂದವರೇ ಎಲ್ಲ, ಈ ಪದವನ್ನು ಕೇಳಿದ ಕೆಲವು ಹೆಂಗಸರು ಮಾತ್ರ ‘ನಮ್ಮ ಆಯೀನೂ ಒಂದು ಹಾಡ್ತಿದ್ದಳು, ಬರಕೊಳ್ತೀಯೇನಪಾ’ ಎಂದು ಕೇಳಿದರಂತೆ. ಅವನು ಈಗ ನೋಟುಪುಸ್ತಕವೊಂದನ್ನು ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಾನೆ. ಕೊಳವೆಬಾವಿಯಲ್ಲಿ ನೀರು ಬಿದ್ದಿದೆ, ಎರಡಿಂಚು.

ಅಂದು ಸಂಜೆ ರಾಣೇಬೆನ್ನೂರಿನಲ್ಲಿ ಗಾಡಿ ಹತ್ತುವಾಗ ಹುಡುಗ ನನ್ನ ಕೈಯಲ್ಲಿ ಒಂದು ಪುಟ್ಟ ಬಟ್ಟೆಗಂಟನ್ನು ಇಟ್ಟ. “ಆಯಿ ಕೊಟ್ಟಾಳ್ರಿ, ಅತ್ತಿಗೆವ್ರಿಗೆ. ಕುಂಡದಾಗ ಹಾಕ್ರಿ ಅಂದಾಳ.” ಬಿಚ್ಚಿ ನೋಡಿದೆ, ಆರಿಸಿದ ಕಡ್ಡಿಯ ಬೀಜಗಳು. ಬ್ಯಾಡಗಿ ದಾಟುವಾಗ ಕಿಟಕಿಯಿಂದ ಘಾಟು ಬಂತು. ಎದುರಿಗಿದ್ದ ಪ್ರಯಾಣಿಕರು ಸೀನಿದರು. ನಾನು ಸೀನಲಿಲ್ಲ.

ನಮ್ಮ ಮನೆಯ ಮಹಡಿಯ ಕುಂಡದಲ್ಲಿ ನಾಲ್ಕು ಗಿಡಗಳು ಎದ್ದವು. ಕಾಯಿ ಹಣ್ಣಾಗಿದೆ. ಮುಂದಿನ ಬಿತ್ತನೆಗೆ ಬೀಜ ಆರಿಸುವುದು ಹೇಗೆಂದು ಅಜ್ಜಿಯನ್ನು ಕೇಳಲು ಮತ್ತೊಮ್ಮೆ ಬ್ಯಾಡಗಿಗೆ ಹೋಗಬೇಕಾಗಿದೆ.